ದೇವನಹಳ್ಳಿಯಲ್ಲಿ ಇಳಿದವರು ಬೆಂಗಳೂರನ್ನು ಸೇರುವ ಬಗೆ



ಪರಸ್ಥಳದಿಂದ ವಿಮಾನದಲ್ಲಿ ಬರುವವರು ‘ಬೆಂಗಳೂರಿನಲ್ಲಿ ಇಳಿದೆವು’ ಎನ್ನುವುದು ವಾಡಿಕೆ. ಈ ಮಾತು ಪೂರ್ತಿ ನಿಜವಲ್ಲ. ಅವರು ಇಳಿಯುವುದು ದೇವನಹಳ್ಳಿಯ ಸೀಮೆಯಲ್ಲಿ. 2008ನೆಯ ಇಸವಿ ಮೇ ತಿಂಗಳ 24ನೆಯ ತಾರೀಖು ಇಲ್ಲಿಯ ವಿಮಾನ ನಿಲ್ದಾಣ ತೆರೆಯಿತು. ಅಂದಿನಿಂದ ಊರೊಳಗಿದ್ದ ಹಳೆಯ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನಗಳ ನಿತ್ಯಸಂಚಾರ ನಿಂತಿತು. ಹೊಸ ನಿಲ್ದಾಣಕ್ಕೂ ಬೆಂಗಳೂರಿನ ನಡುಮಧ್ಯಕ್ಕೂ ಸುಮಾರು 35 ಕಿಲೋಮೀಟರುಗಳ ಅಂತರವುಂಟು. ಹೀಗಿರಲಾಗಿ, ಮುಂಬಯಿಯಿಂದ ಎರಡು ಗಂಟೆಯೊಳಗೆ ಹಾರಿಬಂದವರು ಜಯನಗರದ ನೆಂಟರ ಮನೆಯನ್ನು ಸೇರುವುದಕ್ಕೆ ಇನ್ನೂ ಎರಡು ಗಂಟೆ ಕಳೆಯುವುದು ಅಪರೂಪವೇನೂ ಅಲ್ಲ. ಬಾಡಿಗೆ ಕಾರಿಗೆ ಹಣ ತೆರಬಲ್ಲವರ ಮಾತನ್ನು ನಾವು ಈ ಹೊತ್ತು ಆಡುವುದಿಲ್ಲ. ಅವರಿಗೆ ದಾರಿ ಹೇಳಲು ಬೇಕಾದಷ್ಟು ಜನರು ಬಾಗಿಲಲ್ಲೇ ಕಾದಿರುತ್ತಾರೆ. ಬಸ್ಸು, ರೈಲು, ಮೆಟ್ರೋ ಎಂಬ ಸಾರ್ವಜನಿಕ ವಾಹನಗಳನ್ನೇ ನಂಬಿ ಹೊರಡುವ ಹೊಸಬರನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ಈ ದಾರಿ ಹೊಸದಲ್ಲ. ದೇವನಹಳ್ಳಿಯಿಂದ ಉತ್ತರಕ್ಕೆ, ಬಳ್ಳಾರಿಯ ಹೆದ್ದಾರಿಯ ಮೇಲೆಯೇ, ಆವತಿ ಎಂಬ ಗ್ರಾಮವಿದೆ. ಕಂಚಿಯ ಕಡೆಯಿಂದ ಏಳು ಮಂದಿ ಅಣ್ಣತಮ್ಮಂದಿರು ಬಂಡಿಗಳನ್ನು ಕಟ್ಟಿಕೊಂಡು ಬಂದು ಅಲ್ಲಿ ನೆಲಸಿದರೆಂದು ಐತಿಹ್ಯವುಂಟು. ಆ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಅದೇ ಮನೆತನದ ಇನ್ನೊಂದು ಕವಲು ಯಲಹಂಕದ ನಾಡಪ್ರಭುಗಳದು. ಅವರಲ್ಲಿ ಹೆಸರಾದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಪೇಟೆಯನ್ನು ಕಟ್ಟಿಸಿದನು. ಪೇಟೆಯ ಉತ್ತರದ ಬಾಗಿಲಿಗೆ ಯಲಹಂಕದ ಬಾಗಿಲೆಂದೇ ಹೆಸರು. ಬಾಗಿಲು ಅಳಿದುಹೋದರೂ, ಮೈಸೂರು ಬ್ಯಾಂಕಿನ ವೃತ್ತದ ಹತ್ತಿರ ಅವೆನ್ಯೂ ರಸ್ತೆಯಲ್ಲಿರುವ ಆಂಜನೇಯಸ್ವಾಮಿಯು ಇಂದಿಗೂ ಯಲಹಂಕ ಗೇಟಿನ ಆಂಜನೇಯನೇ. ಆವತಿ, ದೇವನಹಳ್ಳಿ, ಯಲಹಂಕ, ಪೇಟೆ ಎಂಬ ಈ ನಾಲ್ಕು ಊರುಗಳ ಸಾಲಿನಲ್ಲಿ ಬಂಡಿಯ ಜಾಡು ಬಸ್ಸಿನ ಜಾಡಾಯಿತು. ಈಗ ವಿಮಾನದಿಂದ ಇಳಿದವರು ಹಿಡಿಯುವುದೂ ಅದೇ ಜಾಡನ್ನೇ.

ಹೊಸಬರಿಗೆ ಮೊದಲು ಎದುರಾಗುವ ತೊಡಕು ದೂರದ್ದಲ್ಲ, ಹಣದ್ದೂ ಅಲ್ಲ, ಹೆಸರಿನದು. ವಿಮಾನ ನಿಲ್ದಾಣಕ್ಕೆ 2013ರಿಂದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೆಂದು ಹೆಸರು. ಬೆಂಗಳೂರಿನ ನಡುವೆ ಇರುವ ದೊಡ್ಡ ಬಸ್ಸು ನಿಲ್ದಾಣಕ್ಕೂ ಕೆಂಪೇಗೌಡ ಬಸ್ಸು ನಿಲ್ದಾಣವೆಂದೇ ಹೆಸರು. ಅದರ ಕೆಳಗೆ ನೆಲಮಾಳಿಗೆಯಲ್ಲಿರುವ ಮೆಟ್ರೋ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು. ವಿಮಾನ ನಿಲ್ದಾಣದ ಬಳಿ ರೈಲು ನಿಲ್ಲುವ ಪುಟ್ಟ ಸ್ಟೇಷನ್ನಿಗೂ ಅವರದೇ ಹೆಸರು. ಹೀಗೆ ಒಬ್ಬ ಮಹಾಪುರುಷನ ಹೆಸರಿನ ನಾಲ್ಕು ನಿಲ್ದಾಣಗಳಿರುವಲ್ಲಿ, ‘ಕೆಂಪೇಗೌಡ ನಿಲ್ದಾಣಕ್ಕೆ ಹೋಗಬೇಕು’ ಎಂದು ಕೇಳಿದ ಹೊಸಬನು 35 ಕಿಲೋಮೀಟರು ತಪ್ಪಿಹೋಗುವುದಕ್ಕೆ ಬಹಳ ಹೊತ್ತು ಬೇಡ. ಕೆಂಪೇಗೌಡರ ಕೀರ್ತಿಗೆ ನಾವು ಎರಡು ಬಗೆಯುವವರಲ್ಲ. ಊರು ಕಟ್ಟಿಸಿದವನ ಹೆಸರು ಊರ ಬಾಗಿಲಲ್ಲಿರುವುದು ನ್ಯಾಯವೇ. ಆದರೆ ದಾರಿ ಕೇಳುವವನಿಗೆ ಒಂದೊಂದು ಬಾಗಿಲಿಗೂ ಒಂದೊಂದು ಗುರುತು ಬೇಕಷ್ಟೆ. ಜನರು ತಮ್ಮ ಅನುಕೂಲವನ್ನು ತಾವೇ ಮಾಡಿಕೊಂಡಿದ್ದಾರೆ: ನಡುವಿನ ಬಸ್ಸು ನಿಲ್ದಾಣವನ್ನು ಅವರು ‘ಮೆಜೆಸ್ಟಿಕ್’ ಎನ್ನುತ್ತಾರೆ. ಆ ಹೆಸರು ಅಲ್ಲಿದ್ದ ಒಂದು ಸಿನಿಮಾ ಮಂದಿರದಿಂದ ಬಂದದ್ದು. ನಿಲ್ದಾಣವಿರುವ ನೆಲವಾದರೋ ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಕೆರೆಯ ಹೆಸರನ್ನು ಈಗ ಯಾರೂ ಹಿಡಿಯುವುದಿಲ್ಲ. ಬಸ್ಸಿನ ನಿರ್ವಾಹಕನೂ ಮೆಜೆಸ್ಟಿಕ್ ಎಂದೇ ಕೂಗುತ್ತಾನೆ. ಹೊಸಬರೂ ಹಾಗೆಯೇ ಹೇಳತಕ್ಕದ್ದು.

ರೈಲು ಸ್ಟೇಷನ್ನುಗಳ ಹೆಸರಿನಲ್ಲಿಯೂ ಇಷ್ಟೇ ಎಚ್ಚರಿಕೆ ಬೇಕು. ಮೆಜೆಸ್ಟಿಕ್ಕಿನ ಎದುರಿಗಿರುವ ದೊಡ್ಡ ಸ್ಟೇಷನ್ನು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿನದು, ಬರಹದಲ್ಲಿ ಕೆ.ಎಸ್.ಆರ್., ಹಳಬರ ಬಾಯಲ್ಲಿ ಸಿಟಿ ಸ್ಟೇಷನ್. ಕೆ.ಆರ್. ಮಾರುಕಟ್ಟೆ ಬೇರೆ, ಕೆ.ಆರ್. ಪುರ ಬೇರೆ, ಕೆ.ಆರ್. ವೃತ್ತ ಬೇರೆ. 2022ರಿಂದ ದೂರದ ಅನೇಕ ಗಾಡಿಗಳು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೊರಡುತ್ತವೆ. ಅದು ಊರಿನ ಪೂರ್ವಕ್ಕೆ, ಬೈಯಪ್ಪನಹಳ್ಳಿಯಲ್ಲಿ. ಟಿಕೆಟ್ಟಿನ ಮೇಲಿನ ಅಕ್ಷರಗಳನ್ನು ಓದದೆ ‘ಬೆಂಗಳೂರು ಸ್ಟೇಷನ್ನು’ ಎಂದು ಸಿಟಿ ಸ್ಟೇಷನ್ನಿಗೆ ಹೋಗಿ ಗಾಡಿ ತಪ್ಪಿಸಿಕೊಂಡವರು ಒಬ್ಬಿಬ್ಬರಲ್ಲ.

ಹೆಸರಿನ ಈ ಕಾಟ ದೇವನಹಳ್ಳಿಯ ತಾಲ್ಲೂಕಿನವರಿಗೆ ಇನ್ನೊಂದು ಬಗೆಯಲ್ಲಿಯೂ ಉಂಟು. ತಾಲ್ಲೂಕಿನಲ್ಲಿ ವಿಜಯಪುರವೆಂಬ ಹಳೆಯ ಪೇಟೆಯೂರಿದೆ. 2014ರ ನವೆಂಬರಿನಲ್ಲಿ ಬಿಜಾಪುರಕ್ಕೆ ವಿಜಯಪುರವೆಂದು ಅಧಿಕೃತವಾಗಿ ಹೆಸರಾಯಿತು. ಅಂದಿನಿಂದ ಮೆಜೆಸ್ಟಿಕ್ಕಿನಲ್ಲಿ ‘ವಿಜಯಪುರದ ಬಸ್ಸು ಎಲ್ಲಿ?’ ಎಂದು ಕೇಳಿದರೆ ಬರುವ ಉತ್ತರವು ಒಂದೂವರೆ ಗಂಟೆಯ ದಾರಿಯದೋ, ರಾತ್ರಿಯೆಲ್ಲ ಕುಳಿತು ಹೋಗುವ ದಾರಿಯದೋ, ಎಂಬುದನ್ನು ಮತ್ತೆ ಕೇಳಿ ತಿಳಿಯಬೇಕು. ಚನ್ನರಾಯಪಟ್ಟಣದ ಕಥೆಯೂ ಹೀಗೆಯೇ: ಹಾಸನದ ಜಿಲ್ಲೆಯಲ್ಲಿರುವುದು ಒಂದು, ದೇವನಹಳ್ಳಿ ತಾಲ್ಲೂಕಿನ ಹೋಬಳಿಯಾಗಿರುವುದು ಇನ್ನೊಂದು. ಈ ಎರಡನೆಯದರ ಹೆಸರನ್ನು ನಾಡಿನವರೆಲ್ಲ ಕೇಳುವಂತಾದದ್ದು ರೈತರಿಂದ. ಕೈಗಾರಿಕೆಗಾಗಿ 1,777 ಎಕರೆ ನೆಲವನ್ನು ಬಿಡೆವೆಂದು ಆ ಹೋಬಳಿಯ ಹದಿಮೂರು ಹಳ್ಳಿಗಳವರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಈ ಮಾತನ್ನು ಇಲ್ಲಿ ಏಕೆ ಎತ್ತಿದೆವೆಂಬುದು ರೈಲಿನ ವಿಷಯ ಬಂದಾಗ ತಿಳಿಯುವುದು.

ಈಗ ಬಸ್ಸುಗಳ ಮಾತು. ವಿಮಾನ ನಿಲ್ದಾಣದ ಬಾಗಿಲಿನಿಂದ ಊರಿಗೆ ಹೊರಡುವ ತಂಪು ಬಸ್ಸುಗಳಿಗೆ ‘ವಾಯುವಜ್ರ’ವೆಂದು ಹೆಸರು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯವರು ಇವನ್ನು ನಡೆಸುತ್ತಾರೆ. ಪ್ರತಿಯೊಂದು ದಾರಿಗೂ ಒಂದು ಸಂಖ್ಯೆಯುಂಟು. ಒಂಬತ್ತನೆಯ ಸಂಖ್ಯೆಯದು ಮೆಜೆಸ್ಟಿಕ್ಕಿಗೆ ಹೋಗುತ್ತದೆ. ಎಂಟನೆಯದು ಊರನ್ನು ದಾಟಿ ದಕ್ಷಿಣದ ಎಲೆಕ್ಟ್ರಾನಿಕ್ಸ್ ಸಿಟಿಯವರೆಗೆ ಓಡುತ್ತದೆ. ಬಸ್ಸನ್ನು ಹತ್ತುವ ಮೊದಲು ಸಂಖ್ಯೆಯನ್ನು ನೋಡುವುದರ ಜೊತೆಗೆ, ತಾವು ಇಳಿಯತಕ್ಕ ಜಾಗದ ಹೆಸರನ್ನು ನಿರ್ವಾಹಕನಿಗೆ ಹೇಳಿ ಕೇಳುವುದು ಲೇಸು. ‘ಹೆಬ್ಬಾಳದಲ್ಲಿ ನಿಲ್ಲುವುದೇ? ಮೇಖ್ರಿ ವೃತ್ತದಲ್ಲಿ ನಿಲ್ಲುವುದೇ?’ ಎಂಬ ಎರಡು ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ಕೇಳದೆ ಹೋದರೆ ಅರ್ಧ ದಿನ ವ್ಯಯವಾದೀತು. ದೊಡ್ಡ ಪೆಟ್ಟಿಗೆಗಳನ್ನು ಇಡುವುದಕ್ಕೆ ಬಸ್ಸಿನಲ್ಲಿ ಎಡೆಯಿದೆ. ನಡುರಾತ್ರಿ ಇಳಿದವರಿಗೂ ಬಸ್ಸುಗಳುಂಟು. ಆದರೆ ರಾತ್ರಿಯಲ್ಲಿ ಕಾಯುವ ಹೊತ್ತು ಹೆಚ್ಚು.

ಹೆಬ್ಬಾಳವನ್ನು ಕುರಿತು ಒಂದು ಮಾತು. ಊರಿನ ಪೂರ್ವಭಾಗಕ್ಕೆ, ಎಂದರೆ ಮಾರತಹಳ್ಳಿ, ಸಿಲ್ಕ್ ಬೋರ್ಡ್ ಮುಂತಾದೆಡೆಗೆ ಹೋಗತಕ್ಕವರು ಮೆಜೆಸ್ಟಿಕ್ಕಿನವರೆಗೆ ಹೋಗಿ ತಿರುಗಿ ಬರುವುದು ವ್ಯರ್ಥ. ಹೊರವರ್ತುಲ ರಸ್ತೆಯ ಬಸ್ಸುಗಳಿಗೆ ಐನೂರರ ಸಾಲಿನ ಸಂಖ್ಯೆಗಳಿವೆ. ಹೆಬ್ಬಾಳದಲ್ಲಿ ಇಳಿದು ಅವನ್ನು ಹಿಡಿಯಬಹುದು. ಈ ಸಂಖ್ಯೆಗಳ ಹಿಂದೆ ಅಂಟಿಕೊಂಡಿರುವ ಅಕ್ಷರವನ್ನು ಅಲಕ್ಷ್ಯ ಮಾಡಬಾರದು. 500 ಎಂಬುದು ಮನೆತನದ ಹೆಸರಿದ್ದಂತೆ, ಹಿಂದಿನ ಡಿ, ಸಿ ಎಂಬ ಅಕ್ಷರ ಮನುಷ್ಯನ ಹೆಸರಿದ್ದಂತೆ. ಮನೆತನ ಒಂದೇ ಆದರೂ ಅಣ್ಣ ಒಂದು ಊರಿಗೆ, ತಮ್ಮ ಇನ್ನೊಂದು ಊರಿಗೆ ಹೋಗುತ್ತಾನೆ.

ವಾಯುವಜ್ರದ ದರವು ಸಾಮಾನ್ಯ ಬಸ್ಸಿನ ದರಕ್ಕಿಂತ ಬಹಳ ಹೆಚ್ಚು. ಕಾರಿನ ಬಾಡಿಗೆಗೆ ಹೋಲಿಸಿದರೆ ಅದು ಅಲ್ಪವಾಗಿ ಕಾಣಬಹುದು. ನಿಲ್ದಾಣದಲ್ಲಿ ನೆಲ ಒರಸುವ, ಗಂಟು ಹೊರುವ, ಅಡಿಗೆ ಬಡಿಸುವ ಜನರ ದಿನಗೂಲಿಗೆ ಹೋಲಿಸಿದರೆ ಅಲ್ಪವಲ್ಲ. ನಮ್ಮ ರಾಜ್ಯದಲ್ಲಿ ವಾಸವಾಗಿರುವ ಹೆಂಗಸರಿಗೆ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಂತೆ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತಷ್ಟೆ. ಅದು ಸಾಮಾನ್ಯ ಬಸ್ಸುಗಳಿಗೆ ಮಾತ್ರ; ವಾಯುವಜ್ರಕ್ಕೆ ಸಲ್ಲದು. ಹಾಗೂ, ಹಣ ಕೊಡಬೇಕಾಗಿಲ್ಲವೆಂದು ಟಿಕೆಟ್ಟು ಕೊಳ್ಳದೆ ಕೂರುವಂತಿಲ್ಲ. ರಾಜ್ಯದ ನಿವಾಸಿಯೆಂಬ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ದರದ ಟಿಕೆಟ್ಟನ್ನು ಪಡೆಯತಕ್ಕದ್ದು. ಹೊರರಾಜ್ಯದಿಂದ ಬಂದ ಸೊಸೆ ಹಣ ಕೊಟ್ಟು, ಪಕ್ಕದಲ್ಲಿ ಕುಳಿತ ಅತ್ತೆ ಕೊಡದೆ ಪ್ರಯಾಣ ಮಾಡುವ ವಿನೋದವನ್ನು ಈ ಬಸ್ಸುಗಳಲ್ಲಿ ನೋಡಬಹುದು.

ದೇವನಹಳ್ಳಿಯ ಪೇಟೆಯಿಂದ ಹೊರಡುವವರಿಗೆ ಸಾಮಾನ್ಯ ಬಸ್ಸೇ ಗತಿ, ಅದೇ ಅನುಕೂಲ. ಇದರಲ್ಲಿ ಹೊಸಬರು ತಿಳಿಯಬೇಕಾದ ಆಚಾರಗಳು ಕೆಲವಿವೆ. ನಗರದ ಬಸ್ಸಿನಲ್ಲಿ ಮುಂಬಾಗಿಲು ಹೆಂಗಸರದು, ಮುಂದಿನ ಆಸನಗಳೂ ಅವರವು, ಗಂಡಸರು ಹಿಂದೆ. ಗಂಡ ಹೆಂಡಿರು ಒಂದೇ ಬಾಗಿಲಿನಲ್ಲಿ ಹತ್ತಿ ಜೊತೆಯಾಗಿ ಕೂರುವೆವೆಂದುಕೊಂಡು ಬಂದವರು ಹಲವು ಬಾರಿ ಬಸ್ಸಿನ ಎರಡು ತುದಿಗಳಲ್ಲಿ ನಿಂತು, ಇಳಿಯುವ ಜಾಗ ಬಂದಿತೆಂಬುದನ್ನು ಕಣ್ಸನ್ನೆಯಿಂದ ತಿಳಿಸಬೇಕಾಗುವುದು. ಟಿಕೆಟ್ಟನ್ನು ಯಾರು ಕೊಳ್ಳತಕ್ಕದ್ದೆಂದು ಹತ್ತುವ ಮೊದಲೇ ಗೊತ್ತುಮಾಡಿಕೊಂಡರೆ ಒಳ್ಳೆಯದು.

ಚಿಲ್ಲರೆಯ ವಿಷಯವನ್ನಂತೂ ಎಷ್ಟು ಹೇಳಿದರೂ ಹೆಚ್ಚಲ್ಲ. ಐನೂರರ ನೋಟನ್ನು ಹಿಡಿದು ಬಸ್ಸು ಹತ್ತಿದವನನ್ನು ನಿರ್ವಾಹಕನು ಹಗೆಯನ್ನು ನೋಡಿದಂತೆ ನೋಡುವನು. ಬಾಕಿ ಕೊಡುವುದಕ್ಕೆ ಚಿಲ್ಲರೆಯಿಲ್ಲದಾಗ ಆತನು ಬಾಕಿಯ ಮೊತ್ತವನ್ನು ಟಿಕೆಟ್ಟಿನ ಬೆನ್ನಿನ ಮೇಲೆ ಬರೆದುಕೊಡುವುದು ಬೆಂಗಳೂರಿನ ಬಹಳ ಹಳೆಯ ಪದ್ಧತಿ. ಆ ಬರಹ ಸಣ್ಣ ಸಾಲಪತ್ರವೇ ಸರಿ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆತರೆ ಸಾಲ ವಜಾ ಆದಂತೆ. ಈಚೆಗೆ ಮೊಬೈಲಿನಿಂದ ಹಣ ಕೊಡುವ ಏರ್ಪಾಡು ಬಂದಿರುವುದರಿಂದ ಈ ತಕರಾರು ಕಡಿಮೆಯಾಗಿದೆ; ಆದರೆ ಹಳ್ಳಿಯ ಹಿರಿಯರೆಲ್ಲರ ಕೈಯಲ್ಲಿ ಆ ಬಗೆಯ ಮೊಬೈಲಿರುವುದಿಲ್ಲ. ಅವರನ್ನು ಕಳುಹಿಸಿಕೊಡುವ ಮಕ್ಕಳು ಹತ್ತು ಇಪ್ಪತ್ತರ ನೋಟುಗಳನ್ನು ಸೆರಗಿಗೋ ಜೇಬಿಗೋ ಹಾಕಿ ಕಳುಹಿಸತಕ್ಕದ್ದು. ದಿನವೆಲ್ಲ ನಾಲ್ಕಾರು ಕಡೆ ತಿರುಗತಕ್ಕವರಿಗೆ ದಿನದ ಪಾಸೆಂಬುದೊಂದುಂಟು. ಒಮ್ಮೆ ಹಣ ಕೊಟ್ಟರೆ ಆ ದಿನವೆಲ್ಲ ಹತ್ತಿ ಇಳಿಯಬಹುದು. ಇದನ್ನು ಹೊಸಬರು ಕೇಳದ ಹೊರತು ಯಾರೂ ಹೇಳುವುದಿಲ್ಲ.

ಇನ್ನು ರೈಲು. ಈ ವಿಷಯದಲ್ಲಿ ನಾವು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುದಾರಿ 1910ರ ದಶಕದ್ದು. ಎರಡಡಿ ಆರಂಗುಲದ ಕಿರುಹಳಿಯ ಮೇಲೆ ಪುಟ್ಟ ಗಾಡಿಗಳು ಓಡುತ್ತಿದ್ದುವು. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಲ್ಟ್ ಎಂದು ಆ ದಾರಿಯ ಸ್ಟೇಷನ್ನುಗಳು. ಕಲ್ಲುಗೋಡೆ, ಹೆಂಚಿನ ಮಾಡುಗಳ ಆ ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ. ನೋಡಲು ಬಲು ಸೊಗಸು. ಇಪ್ಪತ್ತನೆಯ ಶತಮಾನ ಮುಗಿಯುವ ಮೊದಲೇ ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಹಳಿ ಅಗಲವಾಯಿತು. 2013ರಲ್ಲಿ ಕೋಲಾರದವರೆಗೂ ಅಗಲವಾಯಿತು. ಈ ಹಳಿ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಆದರೂ 2008ರಿಂದ ಹನ್ನೆರಡು ವರ್ಷಗಳ ಕಾಲ ಅಲ್ಲಿ ಒಂದು ಗಾಡಿಯೂ ನಿಲ್ಲಲಿಲ್ಲ. ವಿಮಾನಗಳು ಮೇಲೆ, ರೈಲು ಕೆಳಗೆ. ಒಂದನ್ನೊಂದು ನೋಡುತ್ತ ಹೋಗುತ್ತಿದ್ದುವು. ಕಡೆಗೆ, ಜನರ ಬಹುಕಾಲದ ಒತ್ತಾಯದ ಮೇಲೆ, ಒಂದು ಹಾಲ್ಟ್ ಸ್ಟೇಷನ್ನು ಕಟ್ಟಲ್ಪಟ್ಟು, 2021ರ ಜನವರಿ 4ರಂದು ಅಲ್ಲಿ ಗಾಡಿ ನಿಲ್ಲಲು ಮೊದಲಾಯಿತು. ಹಾಲ್ಟಿನಿಂದ ವಿಮಾನ ನಿಲ್ದಾಣದ ಬಾಗಿಲಿಗೆ ನಡೆದುಹೋಗುವಂತಿಲ್ಲ. ನಿಲ್ದಾಣದವರ ಬಸ್ಸು ಕರೆದೊಯ್ಯುತ್ತದೆ.

ಈ ರೈಲಿನ ಟಿಕೆಟ್ಟಿನ ಬೆಲೆ ನಿಲ್ದಾಣದೊಳಗೆ ಮಾರುವ ಒಂದು ಲೋಟ ಕಾಫಿಯ ಬೆಲೆಗಿಂತ ಬಹಳ ಕಡಿಮೆ. ಹೆದ್ದಾರಿಯಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ಇರುವೆಯ ಸಾಲಿನಂತೆ ಸರಿಯುತ್ತಿರುವಾಗ ಗಾಡಿ ಯಲಹಂಕವನ್ನು ದಾಟಿ ಹೋಗಿರುತ್ತದೆ. ಇಷ್ಟೆಲ್ಲ ಸದ್ಗುಣಗಳಿದ್ದೂ ಹೊಸಬರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುವಂತಿಲ್ಲ. ಕಾರಣ, ದಿನಕ್ಕೆ ಓಡುವ ಗಾಡಿಗಳು ಬೆರಳೆಣಿಕೆಯವು. ಹಳಿ ಒಂದೇ. ಎದುರುಬದುರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು ಯಾವುದಾದರೊಂದು ಸ್ಟೇಷನ್ನಿನಲ್ಲಿ ಕಾಯಲೇಬೇಕು. ಆದಕಾರಣ ಗಾಡಿಗಳನ್ನು ಇಷ್ಟಬಂದಂತೆ ಹೆಚ್ಚಿಸುವುದು ಸುಲಭಸಾಧ್ಯವಲ್ಲ. ವಿಮಾನ ಬರುವ ಹೊತ್ತಿಗೂ ರೈಲು ಬರುವ ಹೊತ್ತಿಗೂ ತಾಳೆಯಿಲ್ಲ. ಬೆಳಗಿನ ಪಾಳಿ, ರಾತ್ರಿಯ ಪಾಳಿ ಎಂದು ಕೆಲಸಕ್ಕೆ ಬರುವವರ ಹೊತ್ತಿಗೂ ತಾಳೆಯಿಲ್ಲ. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಹಾಲ್ಟಿನ ಸುತ್ತಮುತ್ತ ಕೂರುವುದಕ್ಕೆ ಒಂದು ಹೋಟೆಲೂ ಇಲ್ಲ. ‘ಗಾಡಿಯಲ್ಲಿ ಜನರಿಲ್ಲ, ಆದ್ದರಿಂದ ಗಾಡಿಗಳನ್ನು ಹೆಚ್ಚಿಸುವುದಿಲ್ಲ’ ಎನ್ನುವುದು ಒಂದು ವಾದ. ‘ಗಾಡಿಗಳಿಲ್ಲ, ಆದ್ದರಿಂದ ಜನರಿಲ್ಲ’ ಎನ್ನುವುದು ಇನ್ನೊಂದು. ನಾವು ಎರಡನೆಯ ಪಕ್ಷದವರು. ಹೊತ್ತಿಗೆ ಸರಿಯಾಗಿ ಬಾರದ ಗಾಡಿಗೆ ಜನರು ಬರಲೆಂದು ಬಯಸುವುದು, ಬಾಗಿಲು ಮುಚ್ಚಿದ ಅಂಗಡಿಯಲ್ಲಿ ವ್ಯಾಪಾರವಿಲ್ಲವೆಂದು ಕೊರಗಿದಂತೆ.

ನೆಲದ ಮಾತನ್ನು ನಾವು ಮೊದಲೇ ಎತ್ತಿದ್ದು ಇದಕ್ಕಾಗಿ. ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ನೆಲ ಸಂದಿದೆ. ಅಲ್ಲಿ ರಾಗಿ, ದ್ರಾಕ್ಷಿಗಳನ್ನು ಬೆಳೆಯುತ್ತಿದ್ದ ಹಳ್ಳಿಗಳ ಮಕ್ಕಳು ಇಂದು ಅದೇ ನೆಲದ ಮೇಲೆ ಕಾವಲು ಕಾಯುವ, ಗಾಡಿ ನಡೆಸುವ ಕೆಲಸಗಳಿಗೆ ಹೋಗುತ್ತಾರೆ. ಲೋಕದ ನಾನಾ ದೇಶಗಳಿಂದ ದೇವನಹಳ್ಳಿಗೆ ಹಾರಿಬರುವುದು ಸುಗಮವಾಯಿತು. ದೇವನಹಳ್ಳಿಯ ಹುಡುಗಿಯೊಬ್ಬಳು ಬೆಂಗಳೂರಿನ ಕಾಲೇಜಿಗೆ ಹೋಗಿ ಸಂಜೆ ಬೆಳಕಿರುವಾಗ ಮನೆ ಸೇರುವುದು ಅಷ್ಟೇ ಸುಗಮವಾಯಿತೆಂದು ಹೇಳುವಂತಿಲ್ಲ. ಉಪನಗರ ರೈಲಿನ ಯೋಜನೆಗೆ 2020ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಒಟ್ಟು 148 ಕಿಲೋಮೀಟರಿನ ನಾಲ್ಕು ದಾರಿಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವುಗಳ ಹೆಸರಿಟ್ಟಿದ್ದಾರೆ. ಸಿಟಿ ಸ್ಟೇಷನ್ನಿನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಬರತಕ್ಕದ್ದು ಸಂಪಿಗೆ. ಮಲ್ಲಿಗೆ ಮತ್ತು ಕನಕಗಳ ಕೆಲಸ ಮೊದಲು ಹಿಡಿದಿದ್ದಾರೆ. ನಮ್ಮ ಸಂಪಿಗೆ ಇನ್ನೂ ಮೊಗ್ಗು. ವಿಮಾನ ನಿಲ್ದಾಣಕ್ಕೆ ಬರತಕ್ಕ ಮೆಟ್ರೋದ ನೀಲಿ ದಾರಿಗೆ 2021ರಲ್ಲಿ ಒಪ್ಪಿಗೆಯಾಗಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳಗಳ ಮೇಲೆ ಸುಮಾರು 58 ಕಿಲೋಮೀಟರಿನ ಕೆಲಸ ನಡೆದಿದೆ. ಹೆದ್ದಾರಿಯ ಪಕ್ಕದ ಕಂಬಗಳು ಆ ಕೆಲಸದವೇ.

ಮೆಟ್ರೋ ಈಗಾಗಲೇ ಓಡುತ್ತಿರುವ ಕಡೆ ಹೊಸಬರಿಗೆ ಅದರಷ್ಟು ನಿಶ್ಚಿಂತೆಯ ವಾಹನ ಬೇರೆಯಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಅದು ಮೊದಲು ಓಡಿತು. ಈಗ ನೇರಳೆ, ಹಸಿರು, ಹಳದಿ ಎಂಬ ಮೂರು ದಾರಿಗಳಾಗಿವೆ. ನೇರಳೆಯೂ ಹಸಿರೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಇಲ್ಲಿ ಚೌಕಾಶಿಯಿಲ್ಲ, ಕೂಗಾಟವಿಲ್ಲ. ಪ್ರತಿಯೊಂದು ನಿಲ್ದಾಣದ ಹೆಸರನ್ನೂ ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ಕೂಗಿ ಹೇಳುತ್ತಾರೆ. ಒಂದು ಡಬ್ಬಿಯನ್ನು ಹೆಂಗಸರಿಗೆ ಮೀಸಲಿಟ್ಟಿದ್ದಾರೆ. 2025ರಲ್ಲಿ ದರ ಹೆಚ್ಚಿದುದರಿಂದ ಬಡವರಿಗೆ ಭಾರವಾಗಿದೆಯೆಂಬ ದೂರು ನ್ಯಾಯವಾದದ್ದೇ.

ಈ ಮೆಟ್ರೋವನ್ನು ನಾವು ಹೊಗಳುವುದು ವಿಹಾರಕ್ಕೆ ಬಂದವರ ದೃಷ್ಟಿಯಿಂದಲ್ಲ. ಬೆಂಗಳೂರಿಗೆ ಬರುವ ಪರಸ್ಥಳದವರಲ್ಲಿ ದೊಡ್ಡ ಪಾಲು ರೋಗಿಗಳು, ಅವರ ಜೊತೆಗೆ ಬಂದವರು. ಇವರಿಗೆ ಊರು ಹೊಸದು, ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ, ಕೈಯಲ್ಲಿರುವ ಹಣ ಔಷಧಕ್ಕೆಂದು ಕಟ್ಟಿಟ್ಟದ್ದು. ಇಂಥವರೇ ಮೋಸಗಾರರ ಕಣ್ಣಿಗೆ ಮೊದಲು ಬೀಳುವವರು. ದೇವನಹಳ್ಳಿಯ ಕಡೆಯ ರೈತರೊಬ್ಬರು ತಮ್ಮ ತಾಯಿಯನ್ನು ಹೃದ್ರೋಗದ ಆಸ್ಪತ್ರೆಗೆ ಕರೆತಂದಾಗ, ಮೆಜೆಸ್ಟಿಕ್ಕಿನ ಹೊರಗೆ ಸಿಕ್ಕ ಆಟೋದವನು ‘ಅಲ್ಲಿಗೆ ಬಸ್ಸೂ ಇಲ್ಲ, ಮೆಟ್ರೋ ಕೆಟ್ಟುನಿಂತಿದೆ’ ಎಂದು ನಂಬಿಸಿ ಬಾಯಿಗೆ ಬಂದ ಬಾಡಿಗೆ ಕಿತ್ತದ್ದನ್ನು ಅವರ ಬಾಯಿಂದಲೇ ನಾವು ಕೇಳಿದ್ದೇವೆ. ಆ ತಾಯಿ ಮನೆಗೆ ಹಿಂದಿರುಗಿದ ಮೇಲೆ ಆಸ್ಪತ್ರೆಯ ಖರ್ಚನ್ನು ಮರೆತರಂತೆ. ಆ ಬಾಡಿಗೆಯನ್ನು ಮಾತ್ರ ಮರೆಯಲಿಲ್ಲ.

ಆದುದರಿಂದ ಆ ದಾರಿಯನ್ನು ಬಿಡಿಸಿ ಹೇಳುತ್ತೇವೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಬಸ್ಸು. ಅಲ್ಲಿ ಮೆಟ್ರೋಗೆ ಇಳಿದು, ಹಸಿರು ದಾರಿಯಲ್ಲಿ ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ಗಾಡಿಯನ್ನು ಹತ್ತುವುದು. ರಾಷ್ಟ್ರೀಯ ವಿದ್ಯಾಲಯ ರಸ್ತೆ ಎಂಬಲ್ಲಿ ಇಳಿದು ಹಳದಿ ದಾರಿಗೆ ಬದಲಾಯಿಸುವುದು. 2025ರ ಆಗಸ್ಟ್ 10ರಂದು ತೆರೆದ ದಾರಿ ಅದು. ರಾಗಿಗುಡ್ಡವನ್ನು ದಾಟಿದೊಡನೆ ಬರುವ ನಿಲ್ದಾಣವೇ ಜಯದೇವ ಆಸ್ಪತ್ರೆ. ವಿಕ್ಟೋರಿಯಾ ಆಸ್ಪತ್ರೆಗೆ ಹೋಗತಕ್ಕವರು ಅಷ್ಟು ದೂರ ಹೋಗಬೇಕಾಗಿಲ್ಲ. ಹಸಿರು ದಾರಿಯಲ್ಲಿಯೇ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಆಸ್ಪತ್ರೆ ಸಮೀಪ. ನಿಲ್ದಾಣಗಳಲ್ಲಿ ಎತ್ತುಯಂತ್ರಗಳಿವೆ, ಮೆಟ್ಟಿಲು ಹತ್ತಲಾರದವರು ಸಂಕೋಚಪಡದೆ ಕಾವಲಿನವರನ್ನು ಕೇಳಿದರೆ ತೋರಿಸುತ್ತಾರೆ. ಹತ್ತುವ ಮೆಟ್ಟಿಲೇ ತಾನಾಗಿ ಚಲಿಸುವುದನ್ನು ಕಂಡು ಹೆದರುವ ಹಿರಿಯರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅವರನ್ನು ನಕ್ಕು ಎಳೆಯುವ ಮಕ್ಕಳನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಆಟೋಗಳನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಮೆಟ್ರೋ ಇಳಿದ ಮೇಲೆ ಮನೆಯವರೆಗಿನ ಕೊನೆಯ ಮೈಲಿಗೆ ಅವೇ ಬೇಕು. ಮೀಟರಿನ ಮೇಲೆ ಹಣ ಕೇಳುವುದು ಅನ್ಯಾಯ. ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮೀಟರಿನ ಒಂದೂವರೆಯಷ್ಟು ಕೊಡತಕ್ಕದ್ದು ನಿಯಮವೇ ಆಗಿದೆ. ಅದಕ್ಕೆ ಜಗಳ ಕಾಯಬಾರದು.

ಊರಿನಿಂದ ವಿಮಾನ ನಿಲ್ದಾಣಕ್ಕೆ ಹಿಂದಿರುಗುವವರಿಗೆ ಎರಡು ಮಾತು. ನಿಲ್ದಾಣದ ಕಟ್ಟಡಗಳು ಈಗ ಎರಡು. ಎರಡನೆಯದು 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಅದೇ ದಿನ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆಯೂ ಅನಾವರಣವಾಯಿತು. ಹೊರದೇಶಗಳ ವಿಮಾನಗಳೆಲ್ಲ ಎರಡನೆಯ ಕಟ್ಟಡದಿಂದಲೇ ಹೊರಡುತ್ತವೆ; ಸ್ವದೇಶದವು ಎರಡರಿಂದಲೂ. ಟಿಕೆಟ್ಟನ್ನು ನೋಡಿ ಇಳಿಯತಕ್ಕದ್ದು. ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಕಡೆಯಿಂದ ಬರುವವರು ಹೆದ್ದಾರಿಯ ಬಸ್ಸಿನಿಂದ ನಿಲ್ದಾಣದ ಕವಲಿನಲ್ಲಿ ಇಳಿದುಬಿಟ್ಟು, ಒಳಗಿನ ಉದ್ದವಾದ ದಾರಿಯನ್ನು ಗಂಟು ಹೊತ್ತು ನಡೆಯುವ ಸಾಹಸಕ್ಕೆ ಕೈಹಾಕಬಾರದು. ಅದು ನಡೆಯುವವರಿಗಾಗಿ ಮಾಡಿದ ದಾರಿಯಲ್ಲ. ದೇವನಹಳ್ಳಿಯಲ್ಲಿ ಇಳಿದು, ನಿಲ್ದಾಣದೊಳಕ್ಕೆ ಹೋಗುವ ಬಸ್ಸನ್ನು ವಿಚಾರಿಸಿ ಹತ್ತುವುದು ಕ್ಷೇಮ. ಮೈಸೂರಿನ ಕಡೆಗೆ ಹೋಗತಕ್ಕವರು ಬೆಂಗಳೂರನ್ನು ಹೊಗಬೇಕಾದದ್ದೇ ಇಲ್ಲ. ರಾಜ್ಯ ಸಾರಿಗೆ ಸಂಸ್ಥೆಯ ‘ಫ್ಲೈಬಸ್’ ನಿಲ್ದಾಣದ ಬಾಗಿಲಿನಿಂದಲೇ ಮೈಸೂರಿಗೆ ಹೊರಡುತ್ತದೆ.

ಕಡೆಯದಾಗಿ, ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಐದಾರು ಗಂಟೆ ಕಾಯುವ ಪ್ರಸಂಗ ಬಂದವರಿಗೆ ಒಂದು ಸೂಚನೆ. ಅಷ್ಟು ಹೊತ್ತಿನಲ್ಲಿ ಬೆಂಗಳೂರಿಗೆ ಹೋಗಿಬರುವ ಯತ್ನ ಬೇಡ. ದೇವನಹಳ್ಳಿಯ ಪೇಟೆ ಕೆಲವೇ ಕಿಲೋಮೀಟರುಗಳ ದೂರದಲ್ಲಿದೆ. ಮಲ್ಲಭೈರೇಗೌಡನ ಮಣ್ಣಿನ ಕೋಟೆಯನ್ನು ಹೈದರನ ಕಾಲದಲ್ಲಿ ಕಲ್ಲಿನಿಂದ ಕಟ್ಟಿದರು. 1791ರಲ್ಲಿ ಅದು ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಅರ್ಧಚಂದ್ರಾಕಾರದ ಕೊತ್ತಲಗಳ ಮೇಲೆ ನಿಂತರೆ ಹೆದ್ದಾರಿಯೂ ತಗ್ಗಿನಲ್ಲಿ ಇಳಿಯುವ ವಿಮಾನಗಳೂ ಒಟ್ಟಿಗೆ ಕಾಣುತ್ತವೆ. ಕೋಟೆಯೊಳಗೆ ವೇಣುಗೋಪಾಲಸ್ವಾಮಿಯ ಗುಡಿ. ಗೋಡೆಯ ಮೇಲೆ ರಾಮಾಯಣದ ಕಥೆಯನ್ನೂ ಕೃಷ್ಣನ ಬಾಲಲೀಲೆಗಳನ್ನೂ ಬಿಡಿಸಿದ್ದಾರೆ. ಕೋಟೆಯ ಹೊರಗೆ, ಕಂಬಗಳ ಒಂದು ಪುಟ್ಟ ಕಲ್ಲಿನ ಆವರಣವು ಟಿಪ್ಪುಸುಲ್ತಾನನು ಹುಟ್ಟಿದ ಸ್ಥಳವೆಂದು ಗುರುತಾಗಿದೆ. ಊಟದ ಹೊತ್ತಾದರೆ ಪೇಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಸಿಕ್ಕುತ್ತವೆ. ಹಣ್ಣಿನ ಕಾಲವಾಗಿದ್ದರೆ ದೇವನಹಳ್ಳಿಯ ಚಕ್ಕೋತವನ್ನು ಕೇಳಬೇಕು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ತೋಟಗಳು ಬಹಳ ಕಡಿಮೆಯಾಗಿರುವುದರಿಂದ ಎಲ್ಲ ಅಂಗಡಿಗಳಲ್ಲಿಯೂ ದೊರೆಯುವುದಿಲ್ಲ. ದೊರೆತರೆ ಒಂದನ್ನು ಕೊಂಡು, ಕೈಚೀಲದಲ್ಲಿಟ್ಟುಕೊಂಡು, ಹಿಂದಿರುಗುವ ಬಸ್ಸನ್ನು ಹತ್ತಬಹುದು. ಮಗುವಿನ ತಲೆಯಷ್ಟು ದೊಡ್ಡದಾದ್ದರಿಂದ ಒಂದಕ್ಕಿಂತ ಹೆಚ್ಚಿಗೆ ಚೀಲದಲ್ಲಿ ಹಿಡಿಸುವುದಿಲ್ಲ.